ಹಾಲು ಸಂಘದ ಆ್ಯಪ್‌ಗೆ ನಿಗಾ ವ್ಯವಸ್ಥೆ: ಏನನ್ನು ಅಳೆಯಬೇಕು, ಯಾವುದರ ಗೊಡವೆಗೆ ಹೋಗಬಾರದು

ಓದುಗರ ಪ್ರಶ್ನೆ

ನಾವು ಮಂಡ್ಯದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ ನಡೆಸುತ್ತಿದ್ದೇವೆ. ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಿಗಾಗಿ ಎರಡೂ ಬಗೆಯ ಫೋನುಗಳಿಗೆ ಒಂದೇ ಕೋಡ್‌ನಿಂದ ಆ್ಯಪ್ ಕಟ್ಟುವ ಫ್ಲಟರ್ ಎಂಬ ಸಾಧನದಲ್ಲಿ ಒಂದು ಆ್ಯಪ್ ಮಾಡಿಕೊಟ್ಟಿದ್ದೇವೆ. ಸಂಘದ ಕಾರ್ಯದರ್ಶಿ ಬೆಳಿಗ್ಗೆ ಮತ್ತು ಸಂಜೆ ಹಾಲು ಹಾಕಿಸಿಕೊಳ್ಳುವಾಗ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನಮೂದಿಸುತ್ತಾರೆ. ರೈತರು ತಮ್ಮ ಫೋನಿನಲ್ಲಿ ಆ ಲೆಕ್ಕವನ್ನೂ ಬಟವಾಡೆಯ ಮೊತ್ತವನ್ನೂ ನೋಡುತ್ತಾರೆ. ಬಹುಪಾಲು ಆಂಡ್ರಾಯ್ಡ್ ಫೋನುಗಳು, ಐಫೋನ್ ಕೆಲವೇ ಕೆಲವು. ಕಾರ್ಯದರ್ಶಿಗಳು ಕರೆ ಮಾಡಿ, “ಫ್ಯಾಟ್ ಹಾಕೋ ಹೊತ್ಗೆ ಸ್ಕ್ರೀನೆಲ್ಲ ಬೂದಿ ಬಣ್ಣ ಆಗೋಯ್ತದೆ ಸಾ” ಎಂದು ದೂರುತ್ತಾರೆ. ಆದರೆ ಆ್ಯಪ್ ಮಾಡಿದವರಿಗಾಗಿ ಗೂಗಲ್ ಇಟ್ಟಿರುವ ಪ್ಲೇ ಕನ್ಸೋಲ್‌ನಲ್ಲಿ ಒಂದು ಕ್ರ್ಯಾಶ್ (ಆ್ಯಪ್ ಹಠಾತ್ತನೆ ಮುಚ್ಚಿಹೋಗುವುದು) ಕೂಡ ದಾಖಲಾಗಿಲ್ಲ. ಬಂಡವಾಳ ಹಾಕಿರುವ ನಮ್ಮ ಪಾಲುದಾರರು, ಬಳಕೆದಾರರ ಮೇಲೆ ನಿಗಾ ಇಡುವ ವ್ಯವಸ್ಥೆ ಸೇರಿಸಿ, ಯಾರು ಯಾವ ಪರದೆ ನೋಡಿದರು, ಎಲ್ಲಿದ್ದಾರೆ ಎಂಬುದೆಲ್ಲ ನಮಗೆ ಕಾಣಬೇಕು ಎನ್ನುತ್ತಿದ್ದಾರೆ. ಹಾಗೆ ಮಾಡಿದರೆ ಆ್ಯಪ್ ನಿಧಾನವಾಗುವುದೇ, ರೈತರ ಡೇಟಾ ಖರ್ಚಾಗುವುದೇ, ಪ್ಲೇ ಸ್ಟೋರ್‌ನಿಂದ ತೆಗೆದುಹಾಕುತ್ತಾರೆಯೇ ಎಂಬ ಭಯ ನಮಗಿದೆ. ಮೊಬೈಲ್ ನಂಬರನ್ನು ಹ್ಯಾಶ್ ಮಾಡಿ, ಅಂದರೆ ಲೆಕ್ಕಾಚಾರದಿಂದ ಬೇರೆ ಅಕ್ಷರಗಳ ಸಾಲಾಗಿ ಬದಲಿಸಿ, ಕಳುಹಿಸಿದರೆ ಗುರುತು ಮರೆಯಾಗುತ್ತದೆ ಎನ್ನುತ್ತಾರೆ, ಅದು ನಿಜವೇ? ಎರಡೂ ಬಗೆಯ ಫೋನುಗಳಿಗೆ ಒಂದೇ ಪ್ಯಾಕೇಜ್ (ಸಿದ್ಧ ಕೋಡ್‌ನ ಕಟ್ಟು) ಸಾಕಾಗುವುದೇ?

ತಜ್ಞರ ಉತ್ತರ

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಬೇಡಿಕೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕಾರ್ಯದರ್ಶಿಗಳು ಕೇಳುತ್ತಿರುವುದು ಆ್ಯಪ್ ಏಕೆ ಕೈಕೊಡುತ್ತಿದೆ ಎಂಬುದನ್ನು. ಪಾಲುದಾರರು ಕೇಳುತ್ತಿರುವುದು ಜನ ಏನು ಮಾಡುತ್ತಿದ್ದಾರೆ ಎಂಬುದನ್ನು. ಮೈಸೂರಿನಲ್ಲಿ ಮೊಬೈಲ್ ತಂತ್ರಾಂಶದ ಕೆಲಸ ಮಾಡುತ್ತಾ ನಾನು ಕಂಡಂತೆ, “ಮಾನಿಟರಿಂಗ್ ಹಾಕಿಕೊಡಿ” ಎಂದು ಬರುವ ಬಹುತೇಕ ಗ್ರಾಹಕರಲ್ಲಿ ಈ ಬೆರಕೆ ಇದ್ದೇ ಇರುತ್ತದೆ. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುವುದಕ್ಕೂ ಹಾಲು ತಂದವರ ಅಡುಗೆಮನೆಗೆ ಇಣುಕುವುದಕ್ಕೂ ಎಷ್ಟು ಅಂತರವಿದೆಯೋ ಇವೆರಡರ ನಡುವೆಯೂ ಅಷ್ಟೇ ಅಂತರವಿದೆ. ನಿಮಗೆ ತುರ್ತಾಗಿ ಬೇಕಾದದ್ದು ಮೊದಲನೆಯದು. ಎರಡನೆಯದರಲ್ಲಿ ಸ್ವಲ್ಪ ಭಾಗ ಉಪಯೋಗಕ್ಕೆ ಬರುತ್ತದೆ, ಉಳಿದದ್ದು ಅಪಾಯ ತರುತ್ತದೆ.

ಮೊದಲು ಆ ಬೂದಿ ಬಣ್ಣದ ಪರದೆಯ ವಿಷಯ. ಕಾರ್ಯದರ್ಶಿಗಳು ಹೇಳುತ್ತಿರುವುದು ಅಕ್ಷರಶಃ ಸತ್ಯ, ಪ್ಲೇ ಕನ್ಸೋಲ್ ತೋರಿಸುತ್ತಿರುವುದೂ ಅದರ ಮಟ್ಟಿಗೆ ಸುಳ್ಳಲ್ಲ. ಫ್ಲಟರ್‌ನಲ್ಲಿ ಒಂದು ವಿಜೆಟ್, ಅಂದರೆ ಪರದೆಯ ಒಂದು ಭಾಗ, ಕಟ್ಟುವಾಗ ಫ್ಲಟರ್‌ನ ಭಾಷೆಯಾದ ಡಾರ್ಟ್ ಕೋಡ್‌ನಲ್ಲಿ ದೋಷ ಉಂಟಾದರೆ ಆ್ಯಪ್ ಸಾಯುವುದಿಲ್ಲ. ಆ ವಿಜೆಟ್‌ನ ಜಾಗದಲ್ಲಿ ಎರರ್ ವಿಜೆಟ್ ಎಂಬ ಬದಲಿ ಕೂರುತ್ತದೆ. ಪರೀಕ್ಷೆಗೆಂದು ಮಾಡಿಕೊಳ್ಳುವ ಡೀಬಗ್ ಬಿಲ್ಡ್‌ನಲ್ಲಿ ಅದು ಹಳದಿ ಅಕ್ಷರಗಳ ಕೆಂಪು ಪರದೆಯಾಗಿ ಕಾಣುತ್ತದೆ, ಬಳಕೆದಾರರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಖಾಲಿ ಬೂದು ಚೌಕವಾಗಿ ಕಾಣುತ್ತದೆ. ಆಂಡ್ರಾಯ್ಡ್‌ನ ದೃಷ್ಟಿಯಲ್ಲಿ ಪ್ರಕ್ರಿಯೆ ಜೀವಂತವಾಗಿದೆ, ಆದ್ದರಿಂದ ಕ್ರ್ಯಾಶ್ ಎಂಬ ದಾಖಲೆ ಹುಟ್ಟುವುದೇ ಇಲ್ಲ. ಪ್ಲೇ ಕನ್ಸೋಲ್‌ನ ಆಂಡ್ರಾಯ್ಡ್ ವೈಟಲ್ಸ್ ವಿಭಾಗ ಎಣಿಸುವುದು ಪ್ರಕ್ರಿಯೆಯೇ ಸತ್ತ ಪ್ರಸಂಗಗಳನ್ನು ಮತ್ತು ಮುಟ್ಟಿದ್ದಕ್ಕೆ 5 ಸೆಕೆಂಡುಗಳವರೆಗೂ ಮುಖ್ಯ ಥ್ರೆಡ್ (ಪರದೆಯನ್ನು ನಡೆಸುವ ಕೆಲಸದ ಸಾಲು) ಸ್ಪಂದಿಸದ ಪ್ರಸಂಗಗಳನ್ನು, ಅಂದರೆ ಎಎನ್‌ಆರ್‌ಗಳನ್ನು. ಅದೂ ಸಹ ಬಳಕೆ ಮತ್ತು ದೋಷ ಮಾಹಿತಿಯನ್ನು ಗೂಗಲ್ ಜೊತೆ ಹಂಚಿಕೊಳ್ಳಲು ಒಪ್ಪಿದ ಫೋನುಗಳಿಂದ ಮಾತ್ರ ಬರುತ್ತದೆ. ಹೀಗಾಗಿ “ಕನ್ಸೋಲ್‌ನಲ್ಲಿ ಸೊನ್ನೆ ಇದೆ, ಆ್ಯಪ್ ಸರಿಯಾಗಿದೆ” ಎಂಬ ತೀರ್ಮಾನಕ್ಕೆ ಫ್ಲಟರ್ ಆ್ಯಪ್‌ಗಳಲ್ಲಿ ಬೆಲೆಯಿಲ್ಲ. ಇಂಥದ್ದೇ ಇನ್ನೊಂದು ಸಾಧನವಾದ ರಿಯಾಕ್ಟ್ ನೇಟಿವ್‌ನ ನಡತೆ ಬೇರೆ: ಅಲ್ಲಿ ಹಿಡಿಯದೆ ಬಿಟ್ಟ ಜಾವಾಸ್ಕ್ರಿಪ್ಟ್ ದೋಷ ರಿಲೀಸ್ ಬಿಲ್ಡ್‌ನಲ್ಲಿ ಆ್ಯಪನ್ನೇ ಮುಚ್ಚಿಸುತ್ತದೆ, ಆದರೆ ತಿರಸ್ಕೃತವಾದ ಪ್ರಾಮಿಸ್‌ಗಳು (ನಂತರ ಮುಗಿಯಬೇಕಿದ್ದು ವಿಫಲವಾದ ಕೆಲಸಗಳು) ಸದ್ದಿಲ್ಲದೆ ನುಂಗಿಹೋಗುತ್ತವೆ.

ನಿಮ್ಮ ಆ್ಯಪ್‌ನಲ್ಲಿ ದೋಷ ಎಲ್ಲಿರಬಹುದು ಎಂಬುದಕ್ಕೆ ನನ್ನದೊಂದು ಊಹೆ ಇದೆ, ಪರೀಕ್ಷಿಸಿ ನೋಡಿ. ಫ್ಯಾಟ್ ಟೈಪ್ ಮಾಡುತ್ತಿರುವಂತೆಯೇ ಕೆಳಗೆ ದರ ತೋರಿಸುವ ಪರದೆಗಳಲ್ಲಿ, ಪಠ್ಯವನ್ನು ಸಂಖ್ಯೆಯಾಗಿಸುವ ಲೆಕ್ಕವನ್ನು ಪರದೆ ಕಟ್ಟುವ ಬಿಲ್ಡ್ ಮೆಥಡ್‌ನೊಳಗೇ ಬರೆದಿಡುವ ಅಭ್ಯಾಸ ಹಲವರಿಗಿದೆ. ಡಾರ್ಟ್‌ನ ‘ಡಬಲ್.ಪಾರ್ಸ್’ಗೆ ಖಾಲಿ ಪೆಟ್ಟಿಗೆ ಸಿಕ್ಕರೂ, 4.2 ಎಂಬುದರ ಬದಲು 4,2 ಎಂದು ಅಲ್ಪವಿರಾಮ ಬಿದ್ದರೂ, ಕನ್ನಡ ಕೀಲಿಮಣೆಯಿಂದ ೪.೨ ಎಂದು ಬಂದರೂ ಅದು ಫಾರ್ಮ್ಯಾಟ್ ಎಕ್ಸೆಪ್ಶನ್ ಎಂಬ ದೋಷ ಎಸೆಯುತ್ತದೆ. ಮೂರನೆಯದು ನಿಮ್ಮ ಕಚೇರಿಯ ಪರೀಕ್ಷೆಯಲ್ಲಿ ಸಿಗಲಾರದು, ಏಕೆಂದರೆ ಪರೀಕ್ಷಿಸುವವರ ಫೋನಿನಲ್ಲಿ ಇಂಗ್ಲಿಷ್ ಕೀಲಿಮಣೆ ಇರುತ್ತದೆ. ಅದರ ಬದಲು ದೋಷ ಎಸೆಯದ ‘ಟ್ರೈಪಾರ್ಸ್’ ಬಳಸಿ, ಕನ್ನಡ ಅಂಕಿಗಳನ್ನು ಮೊದಲೇ ಬದಲಿಸಿಕೊಂಡರೆ ಇಷ್ಟು ದೋಷ ಹೋಗುತ್ತದೆ. ಆದರೆ ನಾನು ಊಹಿಸಬೇಕಾಗಿ ಬಂದದ್ದೇ ನಿಮ್ಮ ನಿಜವಾದ ತೊಂದರೆ. ನಿಗಾ ವ್ಯವಸ್ಥೆ ಇದ್ದಿದ್ದರೆ ಯಾವ ಕಡತದ ಯಾವ ಸಾಲಿನಲ್ಲಿ, ಯಾವ ಆವೃತ್ತಿಯಲ್ಲಿ, ಎಷ್ಟು ಫೋನುಗಳಲ್ಲಿ ಎಂಬುದು ಮೊದಲ ದಿನವೇ ನಿಮ್ಮ ಮುಂದಿರುತ್ತಿತ್ತು.

ಇನ್ನು, ಎರಡೂ ಬಗೆಯ ಫೋನುಗಳಿಗೆ ಒಂದೇ ಪ್ಯಾಕೇಜ್ ಸಾಕೇ ಎಂಬ ಪ್ರಶ್ನೆ. ಕೋಡ್ ಒಂದೇ ಇರುವುದರಿಂದ ನಿಗಾ ಕೂಡ ಒಂದೇ ಸಲದ ಕೆಲಸ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ನಿಮ್ಮ ಆ್ಯಪ್ ಎರಡು ಪದರಗಳಲ್ಲಿ ಓಡುತ್ತದೆ: ಮೇಲೆ ನೀವು ಬರೆದ ಡಾರ್ಟ್, ಕೆಳಗೆ ಆಂಡ್ರಾಯ್ಡ್‌ನ ಕೋಟ್ಲಿನ್ ಅಥವಾ ಐಫೋನ್‌ನ ಸ್ವಿಫ್ಟ್ ಪದರ. ಕೆಳಪದರದ ಕ್ರ್ಯಾಶ್ ಮೇಲಿನ ಪದರಕ್ಕೆ ತಿಳಿಯುವುದಿಲ್ಲ. ಮೇಲಿನ ಪದರದ ದೋಷವನ್ನು ಕೆಳಗಿನದು ಕಾಣುವುದಿಲ್ಲ. ಮೂಲತಃ ನೇಟಿವ್ ಆ್ಯಪ್‌ಗಳಿಗಾಗಿ, ಅಂದರೆ ಕೆಳಪದರದ ಭಾಷೆಯಲ್ಲೇ ಬರೆದವುಗಳಿಗಾಗಿ, ಕಟ್ಟಿದ ಉಪಕರಣಗಳು ಪರದೆಗಳನ್ನು ಗುರುತಿಸುವುದು ಆಂಡ್ರಾಯ್ಡ್‌ನ ಪರದೆ ಘಟಕವಾದ ಆಕ್ಟಿವಿಟಿ ಅಥವಾ ಐಫೋನ್‌ನದಾದ ವ್ಯೂ ಕಂಟ್ರೋಲರ್ ಬದಲಾದಾಗ. ಫ್ಲಟರ್ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಇಡೀ ಆ್ಯಪ್ ಒಂದೇ ಆಕ್ಟಿವಿಟಿಯೊಳಗೆ ನಡೆದುಹೋಗುವುದರಿಂದ ಅವುಗಳ ಕಣ್ಣಿಗೆ ನಿಮ್ಮ ಹಾಲು ನಮೂದಿನ ಪರದೆ, ಬಟವಾಡೆ ಪರದೆ, ಲಾಗಿನ್ ಪರದೆ ಎಲ್ಲವೂ ಒಂದೇ. ಗೂಗಲ್‌ನ ಫೈರ್‌ಬೇಸ್ ಸೇವೆಯ ಪರ್ಫಾರ್ಮೆನ್ಸ್ ಮಾನಿಟರಿಂಗ್ ಕೂಡ ಇದೇ ಕಾರಣಕ್ಕೆ ಫ್ಲಟರ್‌ನ ಪ್ರತಿ ಪರದೆಯ ಚಿತ್ರಣದ ವೇಗವನ್ನು ತಾನಾಗಿ ಬಿಡಿಸಿ ತೋರಿಸಲಾರದು. ಜಾಲದ ಕೋರಿಕೆಗಳ ಕಥೆಯೂ ಹೀಗೆಯೇ: ರಿಯಾಕ್ಟ್ ನೇಟಿವ್‌ನ ‘ಫೆಚ್’ ಆಂಡ್ರಾಯ್ಡ್‌ನಲ್ಲಿ ಓಕೆಎಚ್‌ಟಿಟಿಪಿ ಮೂಲಕ, ಐಫೋನ್‌ನಲ್ಲಿ ಎನ್‌ಎಸ್‌ಯುಆರ್‌ಎಲ್‌ಸೆಷನ್ ಮೂಲಕ, ಅಂದರೆ ನೇಟಿವ್ ಪದರದ ಕೋಡ್ ಮೂಲಕವೇ, ಹೋಗುವುದರಿಂದ ನೇಟಿವ್ ಉಪಕರಣಕ್ಕೆ ಕಾಣಸಿಗುತ್ತದೆ. ಡಾರ್ಟ್ ತನ್ನದೇ ಎಚ್‌ಟಿಟಿಪಿ ಕ್ಲೈಂಟ್ (ಸರ್ವರ್‌ಗೆ ಕೋರಿಕೆ ಕಳುಹಿಸುವ ಭಾಗ) ಇಟ್ಟುಕೊಂಡಿರುವುದರಿಂದ ಅದರ ಕೋರಿಕೆಗಳು ಆ ದಾರಿಯಲ್ಲಿ ಹೋಗುವುದೇ ಇಲ್ಲ.

ಹಾಗಾಗಿ ಪ್ಯಾಕೇಜ್ ಸೇರಿಸಿದ ಮೇಲೂ ಕೈಯಾರೆ ಮಾಡಬೇಕಾದ ಜೋಡಣೆ ಉಳಿಯುತ್ತದೆ. ದೋಷಗಳಿಗೆ ಎರಡು ಬಾಗಿಲುಗಳಿವೆ. ಚೌಕಟ್ಟಿನೊಳಗಿನ ದೋಷಗಳು ‘ಫ್ಲಟರ್‌ಎರರ್.ಆನ್‌ಎರರ್’ಗೆ ಬರುತ್ತವೆ. ಅಸಿಂಕ್, ಅಂದರೆ ಆಮೇಲೆ ಮುಗಿಯುವ, ಕೋಡ್‌ನಲ್ಲಿ ಯಾರೂ ಹಿಡಿಯದೆ ಬಿಟ್ಟವು ‘ಪ್ಲಾಟ್‌ಫಾರ್ಮ್‌ಡಿಸ್ಪ್ಯಾಚರ್’ನ ಆನ್‌ಎರರ್‌ಗೆ ಬರುತ್ತವೆ. ಹಿಂದೆ ಇದಕ್ಕಾಗಿ ಕೋಡನ್ನು ‘ರನ್‌ಝೋನ್ಡ್‌ಗಾರ್ಡೆಡ್’ ಎಂಬ ಆವರಣದೊಳಗೆ (ಝೋನ್) ಇಡಬೇಕಿತ್ತು. ಅದನ್ನು ಇನ್ನೂ ಬಳಸುವುದಾದರೆ ಬೈಂಡಿಂಗ್ (ಫ್ಲಟರನ್ನು ಫೋನಿಗೆ ಬೆಸೆಯುವ ಭಾಗ) ಆರಂಭಿಸುವುದನ್ನೂ ಆ್ಯಪನ್ನು ಶುರುಮಾಡುವ ರನ್‌ಆ್ಯಪ್ ಕರೆಯುವುದನ್ನೂ ಒಂದೇ ಝೋನ್‌ನಲ್ಲಿ ಇಡಿ, ಇಲ್ಲವಾದರೆ ಹಿಡಿದೆವೆಂದುಕೊಂಡ ದೋಷಗಳು ಜಾರಿಹೋಗುತ್ತವೆ. ಹಿನ್ನೆಲೆಯಲ್ಲಿ ಸಿಂಕ್ ಮಾಡಲು ಬೇರೆ ಐಸೊಲೇಟ್ (ಪ್ರತ್ಯೇಕವಾಗಿ ಓಡುವ ಡಾರ್ಟ್ ಕೋಡ್) ಇಟ್ಟಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಎರರ್ ಲಿಸನರ್ ಕಟ್ಟಬೇಕು. ಪರದೆಗಳು ಬದಲಾಗುವುದನ್ನು ಗಮನಿಸಲು ನ್ಯಾವಿಗೇಟರ್ ಅಬ್ಸರ್ವರ್ ಬೇಕು, ಪ್ರತಿ ರೂಟ್‌ಗೂ (ಪರದೆಯ ದಾರಿಗೂ) ಹೆಸರು ಕೊಟ್ಟಿರಬೇಕು. ಕೆಳಗೆ ಟ್ಯಾಬ್‌ಗಳಿರುವ ಆ್ಯಪ್‌ಗಳಲ್ಲಿ ಒಳಗಿನ ನ್ಯಾವಿಗೇಟರ್‌ಗೂ ಬೇರೆ ಅಬ್ಸರ್ವರ್ ಕೊಡದಿದ್ದರೆ ಅರ್ಧ ಪರದೆಗಳು ಲೆಕ್ಕಕ್ಕೇ ಬರುವುದಿಲ್ಲ. ಜಾಲಕ್ಕೆ ಡಿಯೊ ಪ್ಯಾಕೇಜ್ ಅಥವಾ ಎಚ್‌ಟಿಟಿಪಿ ಕ್ಲೈಂಟ್‌ನ ಮೇಲೆ ಇಂಟರ್‌ಸೆಪ್ಟರ್ (ಹೋಗಿಬರುವ ಕೋರಿಕೆಗಳನ್ನು ನೋಡುವ ಕೋಡ್) ಹಾಕಿದರೆ ಸಾಕು.

ಇವೆಲ್ಲವನ್ನೂ ಸರಿಯಾಗಿ ಮಾಡಿಯೂ ಒಂದು ಹೆಜ್ಜೆ ಬಿಟ್ಟುಹೋದರೆ ವರದಿಗಳು ಯಾವ ಕೆಲಸಕ್ಕೂ ಬಾರವು, ಅದು ಸಿಂಬಲ್ ಕಡತಗಳನ್ನು ಏರಿಸುವುದು. ‘ಅಬ್‌ಫಸ್ಕೇಟ್’ ಮತ್ತು ‘ಸ್ಪ್ಲಿಟ್-ಡೀಬಗ್-ಇನ್ಫೋ’ ಆಯ್ಕೆಗಳೊಂದಿಗೆ ಬಿಲ್ಡ್ ಮಾಡಿದಾಗ ಮೆಥಡ್‌ಗಳ ಹೆಸರು ಮತ್ತು ಸಾಲಿನ ಸಂಖ್ಯೆ ಪ್ರತ್ಯೇಕ ಕಡತಕ್ಕೆ ಹೋಗುತ್ತವೆ. ಆ ಕಡತ ಉಪಕರಣಕ್ಕೆ ತಲುಪದಿದ್ದರೆ ವರದಿಯಲ್ಲಿ ನಿಮಗೆ ಕಾಣುವುದು ವಿಳಾಸಗಳ ಸಾಲು ಮಾತ್ರ. ಆಂಡ್ರಾಯ್ಡ್‌ನ ಕೆಳಪದರಕ್ಕೆ ಆರ್8 ಮ್ಯಾಪಿಂಗ್ ಕಡತ, ಐಫೋನ್‌ಗೆ ಡಿಸಿಮ್ ಕಡತ, ಹೀಗೆ ಪ್ರತಿ ಬಿಡುಗಡೆಗೂ ಮೂರು ಬಗೆಯ ಕಡತಗಳು. ಒಂದು ಬಿಲ್ಡ್‌ನ ಸಿಂಬಲ್ ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಯಾರೋ ನೆನಪಿಟ್ಟುಕೊಂಡು ಏರಿಸುತ್ತಾರೆ ಎಂದು ನಂಬದೆ ಬಿಲ್ಡ್ ಸ್ಕ್ರಿಪ್ಟ್‌ನಲ್ಲೇ ಸೇರಿಸಿಬಿಡಿ. ಪರೀಕ್ಷೆಗೆ ಒಂದು ಗುಪ್ತ ಗುಂಡಿಯಿಟ್ಟು, ರಿಲೀಸ್ ಬಿಲ್ಡ್‌ನಲ್ಲಿಯೇ ಒಮ್ಮೆ ಡಾರ್ಟ್ ದೋಷವನ್ನೂ ಒಮ್ಮೆ ನೇಟಿವ್ ಕ್ರ್ಯಾಶನ್ನೂ ಬೇಕೆಂದೇ ಮಾಡಿ, ಎರಡೂ ಓದಬಲ್ಲ ರೂಪದಲ್ಲಿ ಬರುತ್ತವೆಯೇ ನೋಡಿ. ಕ್ರ್ಯಾಶ್ ವರದಿ ಸಾಮಾನ್ಯವಾಗಿ ಆ್ಯಪನ್ನು ಮತ್ತೆ ತೆರೆದಾಗ ರವಾನೆಯಾಗುತ್ತದೆ ಎಂಬುದು ನೆನಪಿರಲಿ. ಕ್ರ್ಯಾಶ್ ಆದೊಡನೆ ಡ್ಯಾಶ್‌ಬೋರ್ಡ್ ನೋಡುತ್ತಾ ಕುಳಿತರೆ ಏನೂ ಬರಲಿಲ್ಲವೆಂದು ಗಾಬರಿಯಾಗುತ್ತೀರಿ. ಬೇಸತ್ತು ಆ್ಯಪನ್ನೇ ಅಳಿಸಿಹಾಕಿದವರ ಕೊನೆಯ ಕ್ರ್ಯಾಶ್ ನಿಮಗೆ ಎಂದೂ ತಲುಪುವುದಿಲ್ಲ ಎಂಬ ಅರ್ಥವೂ ಇದರಲ್ಲಿದೆ.

ಬಳಕೆದಾರರು “ಆ್ಯಪ್ ತಾನಾಗಿ ಮುಚ್ಚಿಕೊಂಡಿತು” ಎನ್ನುವ ಎಲ್ಲವೂ ಕ್ರ್ಯಾಶ್ ಅಲ್ಲ. ಮೆಮೊರಿ ಕಡಿಮೆಯಿರುವ ಫೋನುಗಳಲ್ಲಿ ಕರೆ ಬಂದು ಮಾತನಾಡಿ ಮರಳುವಷ್ಟರಲ್ಲಿ ಆಂಡ್ರಾಯ್ಡ್ ನಿಮ್ಮ ಆ್ಯಪನ್ನು ಹೊರಹಾಕಿರಬಹುದು, ಕೆಲವು ಕಂಪನಿಗಳ ಬ್ಯಾಟರಿ ಉಳಿಸುವ ವ್ಯವಸ್ಥೆಯೂ ಅದನ್ನೇ ಮಾಡುತ್ತದೆ. ಆಂಡ್ರಾಯ್ಡ್ 11ರಿಂದ ಈಚೆಗೆ ಆ್ಯಪ್ ಹಿಂದಿನ ಸಲ ಯಾವ ಕಾರಣಕ್ಕೆ ಮುಚ್ಚಿತು ಎಂಬುದನ್ನು ‘ಅಪ್ಲಿಕೇಶನ್‌ಎಕ್ಸಿಟ್‌ಇನ್ಫೋ’ದಿಂದ ಕೇಳಿ ತಿಳಿಯಬಹುದು. ನಿಮ್ಮ ಬಳಕೆದಾರರ ಫೋನುಗಳನ್ನು ಗಮನಿಸಿದರೆ ಇದಕ್ಕಾಗಿ ಒಂದಿಷ್ಟು ಕೋಟ್ಲಿನ್ ಬರೆಯುವುದು ಸಾರ್ಥಕ. ಇನ್ನೊಂದು ಬದಲಾವಣೆಯೂ ನಿಮ್ಮ ಗಮನದಲ್ಲಿರಲಿ: 2025ರ ಫ್ಲಟರ್ 3.29ರಿಂದ ಆಂಡ್ರಾಯ್ಡ್ ಮತ್ತು ಐಫೋನ್‌ಗಳಲ್ಲಿ ಡಾರ್ಟ್ ಕೋಡ್ ಫೋನಿನ ಮುಖ್ಯ ಥ್ರೆಡ್‌ನಲ್ಲಿಯೇ ನಡೆಯುತ್ತದೆ. ಮೊದಲು ಬೇರೆ ಥ್ರೆಡ್‌ನಲ್ಲಿ ಇದ್ದುದರಿಂದ ಎಎನ್‌ಆರ್ ಆಗಿ ಕಾಣದೆ ಉಳಿಯುತ್ತಿದ್ದ ದೀರ್ಘ ಲೆಕ್ಕಗಳು ಈಗ ಕಾಣಬಹುದು. ಆವೃತ್ತಿ ಏರಿಸಿದ ವಾರದಲ್ಲಿ ಎಎನ್‌ಆರ್ ಹೆಚ್ಚಾದರೆ ನಿಗಾ ಪ್ಯಾಕೇಜನ್ನು ದೂರುವ ಮೊದಲು ಇದನ್ನು ಪರಿಶೀಲಿಸಿ. ಬಳಕೆದಾರರಿಗೆ ಕಾಣುವ ಎಎನ್‌ಆರ್ ದಿನದ ಬಳಕೆದಾರರಲ್ಲಿ ಶೇ. 0.47ನ್ನು, ಕ್ರ್ಯಾಶ್ ಶೇ. 1.09ನ್ನು ಮೀರಿದರೆ ಪ್ಲೇ ಸ್ಟೋರ್ ನಿಮ್ಮ ಆ್ಯಪನ್ನು ಹುಡುಕಾಟದಲ್ಲಿ ಹಿಂದಕ್ಕೆ ತಳ್ಳಬಹುದು.

ಆ್ಯಪ್ ನಿಧಾನವಾಗುವುದೇ ಎಂದು ಕೇಳಿದ್ದೀರಿ. ಜೋಡಿಸುವ ಕ್ರಮ ತಪ್ಪಿದರೆ ಆಗುತ್ತದೆ. ರನ್‌ಆ್ಯಪ್‌ಗಿಂತ ಮೊದಲು ನಾಲ್ಕಾರು ಉಪಕರಣಗಳ ಆರಂಭಕ್ಕೆ ‘ಅವೇಟ್’ ಹಾಕಿ ಕಾಯಿಸಿದರೆ ಮೊದಲ ಪರದೆ ಮೂಡುವುದೇ ತಡ. ದೋಷ ಹಿಡಿಯುವ ಬಾಗಿಲನ್ನಷ್ಟೇ ಮೊದಲು ತೆರೆದು, ಉಳಿದದ್ದನ್ನು ಮೊದಲ ಫ್ರೇಮ್ ಮೂಡಿದ ನಂತರ ಆರಂಭಿಸಿ. ಕ್ರ್ಯಾಶ್ ಹಿಡಿಯುವ ಉಪಕರಣ ಒಂದೇ ಇರಲಿ. ಎರಡನ್ನು ಹಾಕಿದರೆ ವಿಶೇಷವಾಗಿ ಐಫೋನ್‌ನಲ್ಲಿ ಒಂದರ ಸಿಗ್ನಲ್ ಹ್ಯಾಂಡ್ಲರನ್ನು ಇನ್ನೊಂದು ಕಿತ್ತುಹಾಕಿ ಯಾವುದಕ್ಕೂ ಸರಿಯಾದ ವರದಿ ಸಿಗದಂತಾಗುತ್ತದೆ. ಆ್ಯಪ್‌ನ ಗಾತ್ರ ಎಷ್ಟು ಏರಿತು ಎಂಬುದನ್ನು ‘ಅನಲೈಸ್-ಸೈಜ್’ ಆಯ್ಕೆಯೊಂದಿಗೆ ಮೊದಲೂ ಆಮೇಲೂ ಬಿಲ್ಡ್ ಮಾಡಿ ನೀವೇ ಅಳೆದುಕೊಳ್ಳಿ, ಉಪಕರಣ ಮಾರುವವರ ಜಾಹೀರಾತಿನ ಅಂಕಿಯನ್ನು ನೆಚ್ಚಬೇಡಿ.

ಡೇಟಾ ಖರ್ಚಿನ ಮಟ್ಟಿಗೆ ನಿಮ್ಮ ಸಂದರ್ಭಕ್ಕೆ ವಿಶೇಷವಾದ ಒಂದು ಮಾತಿದೆ. ನಿಮ್ಮ ಎಲ್ಲ ಸಂಘಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಹಾಲು ಅಳೆಯುತ್ತವೆ. ಡೇರಿಯ ಮುಂದೆ ಕ್ಯಾನು ಹಿಡಿದು ಸಾಲು ನಿಂತಿರುವಾಗ, ನೆಟ್‌ವರ್ಕ್ ಒಂದು ಕಡ್ಡಿ ಇರುವಾಗ, ನಿಗಾ ಮಾಹಿತಿ ಹೋಗಲೆಂದು ಹಾಲಿನ ನಮೂದು ಕಾಯುವಂತಾದರೆ ಅದಕ್ಕಿಂತ ಅವಿವೇಕ ಬೇರೆ ಇಲ್ಲ. ಘಟನೆಗಳನ್ನು ಫೋನಿನಲ್ಲೇ ಒಂದು ಸಣ್ಣ ಸರತಿಯಲ್ಲಿ ಕೂಡಿಟ್ಟು, ಹಾಲಿನ ನಮೂದುಗಳು ಸರ್ವರ್ ಸೇರಿದ ಮೇಲೆ ಒಟ್ಟಾಗಿ ಕಳುಹಿಸಿ. ಸರತಿಗೆ ಮಿತಿಯಿರಲಿ, ತುಂಬಿದರೆ ಹಳೆಯದನ್ನು ಬಿಟ್ಟುಕೊಡಿ. ಹೀಗೆ ತಡವಾಗಿ ಬರುವ ಘಟನೆಗಳಿಗೆ ಫೋನಿನ ಗಡಿಯಾರದ ಸಮಯವನ್ನೂ ಸರ್ವರ್‌ಗೆ ತಲುಪಿದ ಸಮಯವನ್ನೂ ಎರಡನ್ನೂ ದಾಖಲಿಸಿ, ಏಕೆಂದರೆ ತಪ್ಪು ದಿನಾಂಕವಿರುವ ಫೋನುಗಳು ಇದ್ದೇ ಇರುತ್ತವೆ. ಅವಧಿಯನ್ನು ಅಳೆಯಲು ಗಡಿಯಾರದ ಎರಡು ಸಮಯಗಳನ್ನು ಕಳೆಯಬೇಡಿ, ಡಾರ್ಟ್‌ನ ‘ಸ್ಟಾಪ್‌ವಾಚ್’ ಬಳಸಿ.

ಅಳೆಯಬೇಕಾದದ್ದು ಏನು ಎಂಬುದಕ್ಕೆ ಉಪಕರಣದ ಪಟ್ಟಿಯನ್ನು ನೋಡಬೇಡಿ, ಡೇರಿಯ ಕೆಲಸವನ್ನು ನೋಡಿ. ‘ಉಳಿಸು’ ಗುಂಡಿ ಒತ್ತಿದಾಗಿನಿಂದ ಫೋನಿನ ಡೇಟಾಬೇಸ್‌ನಲ್ಲಿ ಕೂರುವವರೆಗೆ ಎಷ್ಟು ಹೊತ್ತು, ಅಲ್ಲಿಂದ ಸರ್ವರ್ ಒಪ್ಪಿಕೊಳ್ಳುವವರೆಗೆ ಎಷ್ಟು ಹೊತ್ತು, ಇವೆರಡನ್ನು ಪ್ರತ್ಯೇಕವಾಗಿ ಅಳೆಯಿರಿ. ಮೊದಲನೆಯದು ಉದ್ದವಾದರೆ ತಪ್ಪು ನಿಮ್ಮ ಕೋಡ್‌ನಲ್ಲಿದೆ, ಎರಡನೆಯದು ಉದ್ದವಾದರೆ ನೆಟ್‌ವರ್ಕ್ ಅಥವಾ ಸರ್ವರ್‌ನಲ್ಲಿದೆ. ಬಟವಾಡೆ ಪರದೆ ತೆರೆಯುವ ಸಮಯ, ಆ್ಯಪ್ ಮೊದಲಿಂದ ತೆರೆಯುವ ಸಮಯ, ಸಿಂಕ್ ವಿಫಲವಾದ ಸಂಖ್ಯೆ ಇವಿಷ್ಟು ಸೇರಿದರೆ ಆರಂಭಕ್ಕೆ ಬೇಕಾದಷ್ಟಾಯಿತು. ಫಲಿತಾಂಶ ಓದುವಾಗ ಸರಾಸರಿಯನ್ನು ಬದಿಗಿಟ್ಟು 95ನೇ ಪರ್ಸೆಂಟೈಲನ್ನು, ಅಂದರೆ ನೂರರಲ್ಲಿ ಅತ್ಯಂತ ನಿಧಾನವಾದ ಐದು ನಮೂದುಗಳು ಎಲ್ಲಿಂದ ಶುರುವಾಗುತ್ತವೆ ಎಂಬುದನ್ನು ನೋಡಿ. ನಿಮಗೆ ಕರೆ ಮಾಡುತ್ತಿರುವವರು ಆ ಐದರಲ್ಲಿದ್ದಾರೆ.

ಈಗ ಹ್ಯಾಶ್‌ನ ಮಾತಿಗೆ ಬರೋಣ. ಇಲ್ಲಿ ಸ್ಪಷ್ಟವಾಗಿಯೇ ಹೇಳುತ್ತೇನೆ: ಮೊಬೈಲ್ ನಂಬರನ್ನು ಹ್ಯಾಶ್ ಮಾಡಿದರೆ ಗುರುತು ಮರೆಯಾಗುವುದಿಲ್ಲ. ನಮ್ಮ ದೇಶದ ಮೊಬೈಲ್ ನಂಬರುಗಳು 10 ಅಂಕಿಯವು, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುತ್ತವೆ. ಒಟ್ಟು ಸಾಧ್ಯತೆಗಳು 400 ಕೋಟಿ. ಕೇಳಲು ದೊಡ್ಡದಾದರೂ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್‌ಗೆ ಅಷ್ಟನ್ನೂ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಹ್ಯಾಶ್ ಮಾಡಿ ತಾಳೆ ನೋಡುವುದು ನಿಮಿಷಗಳ ಕೆಲಸವೂ ಅಲ್ಲ. ಅದರ ಬದಲು ಆ್ಯಪ್ ಸ್ಥಾಪನೆಯಾದಾಗ ಹುಟ್ಟುವ ಒಂದು ಯಾದೃಚ್ಛಿಕ ಗುರುತನ್ನು ಬಳಸಿ. ಒಬ್ಬರೇ ಕಾರ್ಯದರ್ಶಿಗೆ ಪದೇಪದೇ ತೊಂದರೆಯಾಗುತ್ತಿದ್ದರೆ, ಸಹಾಯ ಪರದೆಯಲ್ಲಿ ಆ ಗುರುತಿನ ಕೊನೆಯ ಆರು ಅಕ್ಷರಗಳನ್ನು ತೋರಿಸಿ. ಅವರು ಕರೆ ಮಾಡಿದಾಗ ಅದನ್ನು ಓದಿ ಹೇಳಲಿ, ನೀವು ಹುಡುಕಿಕೊಳ್ಳಿ. ಯಾರೆಂಬುದು ಅವರು ಹೇಳಿದಾಗ ಮಾತ್ರ ನಿಮಗೆ ತಿಳಿಯುತ್ತದೆ.

ನಂಬರ್ ಕಳುಹಿಸದಿದ್ದರೂ ಖಾಸಗಿ ಮಾಹಿತಿ ಸೋರುವ ದಾರಿಗಳು ಬೇರೆ ಇವೆ, ಅವುಗಳನ್ನು ಯಾರೂ ಗಮನಿಸುವುದಿಲ್ಲ. ಮೇಲೆ ಹೇಳಿದ ಫಾರ್ಮ್ಯಾಟ್ ಎಕ್ಸೆಪ್ಶನ್‌ನ ಸಂದೇಶದಲ್ಲಿ ಬಳಕೆದಾರರು ಟೈಪ್ ಮಾಡಿದ ಪಠ್ಯವೇ ಇರುತ್ತದೆ. ಫ್ಯಾಟ್ ಆದರೆ ಚಿಂತೆಯಿಲ್ಲ, ಅದೇ ದೋಷ ಬ್ಯಾಂಕ್ ಖಾತೆಯ ಪೆಟ್ಟಿಗೆಯಲ್ಲಿ ಆದರೆ ಖಾತೆ ಸಂಖ್ಯೆ ನಿಮ್ಮ ದೋಷ ವರದಿಯೊಳಗೆ ಬಂದು ಕೂರುತ್ತದೆ. ರೂಟ್‌ನ ಹೆಸರಿನಲ್ಲಿ ರೈತರ ಕೋಡ್ ಸೇರಿದ್ದರೆ ಅದೂ ಹೋಗುತ್ತದೆ, ಜೊತೆಗೆ ಪ್ರತಿ ರೈತರಿಗೂ ಒಂದೊಂದು ಪರದೆ ಇದೆಯೆಂದು ಉಪಕರಣ ಭಾವಿಸಿ ವರದಿಗಳೆಲ್ಲ ಚೂರುಚೂರಾಗುತ್ತವೆ. ಕೋರಿಕೆಯ ಹೆಡರ್‌ಗಳಲ್ಲಿ ಲಾಗಿನ್ ಟೋಕನ್ ಇರುತ್ತದೆ. ವರದಿ ಫೋನಿನಿಂದ ಹೊರಡುವ ಮುನ್ನ ತಿದ್ದಲು ಸೆಂಟ್ರಿಯಂತಹ ದೋಷ ವರದಿ ಉಪಕರಣಗಳಲ್ಲಿ ‘ಬಿಫೋರ್‌ಸೆಂಡ್’ ಎಂಬ ಕೊಕ್ಕೆ (ನಡುವೆ ನಿಮ್ಮ ಕೋಡ್ ಸೇರಿಸುವ ಜಾಗ) ಇದೆ. ಅಂಕಿಗಳನ್ನೆಲ್ಲ ಅಲ್ಲಿಯೇ ಅಳಿಸಿ, ಬೇಕಿದ್ದರೆ ಪಠ್ಯ ಎಷ್ಟು ಅಕ್ಷರದ್ದು, ಯಾವ ಲಿಪಿಯ ಅಂಕಿ ಎಂಬಷ್ಟನ್ನೇ ಕಳುಹಿಸಿ. ಬೂದು ಪರದೆಯ ಕಾರಣ ಹುಡುಕಲು ಅಷ್ಟು ಸಾಕು.

ಕಾನೂನಿನ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಅದರ ಬೆನ್ನಿಗೆ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಅವಕಾಶವಿದೆ. ನಿಮಗೆ ಸಂಬಂಧಿಸಿದ ಅಂಶಗಳು ಮೂರು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು, ಅಂದರೆ ನಿಮ್ಮ ರೈತರಿಗೆ ಕನ್ನಡದಲ್ಲಿ, ಅರ್ಥವಾಗುವ ಕನ್ನಡದಲ್ಲಿ. ಮಾಹಿತಿ ಸಂಗ್ರಹಿಸುವ ಕೆಲಸವನ್ನು ಹೊರಗಿನ ಉಪಕರಣಕ್ಕೆ ವಹಿಸಿದರೂ, ಉದ್ದೇಶ ನಿರ್ಧರಿಸುವವರ ಹೊಣೆ ಹೋಗುವುದಿಲ್ಲ. ಅದು ಸಂಘವೋ ನೀವೋ ಎಂಬುದನ್ನು ನಿಮ್ಮ ಒಪ್ಪಂದದಲ್ಲಿ ಬರೆದುಕೊಳ್ಳಿ. ಇನ್ನು, 18 ವರ್ಷದೊಳಗಿನವರ ನಡವಳಿಕೆಯ ಮೇಲೆ ನಿಗಾ ಇಡುವುದನ್ನು ಕಾಯ್ದೆ ನಿಷೇಧಿಸುತ್ತದೆ. ನಮ್ಮದು ರೈತರ ಆ್ಯಪ್, ಮಕ್ಕಳಿಗೂ ಅದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಅಪ್ಪನ ಫೋನ್ ತೆಗೆದು “ಈ ಸಲ ಇಷ್ಟು ದುಡ್ಡು ಬಂದಿದೆ” ಎಂದು ಓದಿ ಹೇಳುವವರು ಹೈಸ್ಕೂಲಿಗೆ ಹೋಗುವ ಮಕ್ಕಳೇ. ಯಾರು ಎಲ್ಲಿ ಬೆರಳಿಟ್ಟರು ಎಂಬುದನ್ನು ವ್ಯಕ್ತಿವಾರು ದಾಖಲಿಸುವ ಆಲೋಚನೆ ಈ ಒಂದೇ ಕಾರಣಕ್ಕೂ ನನಗೆ ಒಪ್ಪಿಗೆಯಾಗುವುದಿಲ್ಲ.

ಪ್ಲೇ ಸ್ಟೋರ್ ನಿಮ್ಮನ್ನು ತೆಗೆದುಹಾಕುವುದು ನಿಗಾ ಇಟ್ಟಿದ್ದಕ್ಕಲ್ಲ, ಹೇಳದೆ ಇಟ್ಟಿದ್ದಕ್ಕೆ. ಡೇಟಾ ಸೇಫ್ಟಿ ನಮೂನೆಯಲ್ಲಿ ನಿಮ್ಮ ಕೋಡ್ ಸಂಗ್ರಹಿಸುವುದನ್ನಷ್ಟೇ ಅಲ್ಲದೆ ನೀವು ಸೇರಿಸಿದ ಪ್ಯಾಕೇಜ್‌ಗಳು ಸಂಗ್ರಹಿಸುವುದನ್ನೂ ಘೋಷಿಸಬೇಕು. ಕ್ರ್ಯಾಶ್ ದಾಖಲೆ, ಕಾರ್ಯಕ್ಷಮತೆಯ ಮಾಹಿತಿ, ಸಾಧನದ ಗುರುತು ಇವು ಪ್ರತ್ಯೇಕ ಸಾಲುಗಳಾಗಿ ಅಲ್ಲಿವೆ. ಐಫೋನ್‌ನಲ್ಲಿ 2024ರ ಮೇ 1ರಿಂದ, ಆಪಲ್ ಪಟ್ಟಿ ಮಾಡಿರುವ ಪ್ಯಾಕೇಜ್‌ಗಳನ್ನು ಹೊಸದಾಗಿ ಸೇರಿಸಿದರೆ ಅವುಗಳಲ್ಲಿ ಯಾವ ಮಾಹಿತಿ ಸಂಗ್ರಹಿಸುತ್ತವೆ ಎಂದು ಹೇಳುವ ಪ್ರೈವಸಿ ಮ್ಯಾನಿಫೆಸ್ಟ್ ಇರಲೇಬೇಕು. ಫ್ಲಟರ್ ಕೂಡ ಆ ಪಟ್ಟಿಯಲ್ಲಿದೆ, ಆದ್ದರಿಂದ ಹಳೆಯ ಆವೃತ್ತಿಗಳಿಗೆ ಅಂಟಿಕೊಂಡಿರಬೇಡಿ. ‘ಟ್ರ್ಯಾಕ್ ಮಾಡಲು ಅನುಮತಿಸುವಿರಾ’ ಎಂಬ ಐಫೋನ್‌ನ ಪೆಟ್ಟಿಗೆಯನ್ನು ತೋರಿಸಲೇಬೇಕೆಂಬುದು ತಪ್ಪು ತಿಳಿವಳಿಕೆ. ಜಾಹೀರಾತಿಗಾಗಿ ಬೇರೆ ಕಂಪನಿಗಳ ಮಾಹಿತಿಯೊಂದಿಗೆ ಬೆಸೆಯುವವರಿಗೆ ಅದು ಬೇಕು. ನಿಮ್ಮದೇ ಆ್ಯಪ್‌ನ ದೋಷ ಹುಡುಕುವುದಕ್ಕೆ ಬೇಕಿಲ್ಲ.

ಆಯ್ಕೆಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಫೈರ್‌ಬೇಸ್ ಕ್ರ್ಯಾಶ್‌ಲಿಟಿಕ್ಸ್ ಉಚಿತ, ಫ್ಲಟರ್‌ಗೆ ಜೋಡಿಸುವುದು ಸುಲಭ, ಕ್ರ್ಯಾಶ್ ವಿವರಗಳನ್ನು 90 ದಿನ ಇಟ್ಟುಕೊಳ್ಳುತ್ತದೆ. ಆದರೆ ಹಾಲಿನ ನಮೂದಿನ ವೇಗದಂತಹ ಸಂಗತಿಗಳನ್ನು ದೋಷಗಳೊಂದಿಗೆ ಒಂದೇ ಎಳೆಯಲ್ಲಿ ನೋಡುವುದು ಅದರಲ್ಲಿ ಕಷ್ಟ. ಸೆಂಟ್ರಿ, ಡೇಟಾಡಾಗ್ ಮೊದಲಾದವು ಗುಂಡಿ ಒತ್ತಿದ್ದು, ಕೋರಿಕೆ ಹೋದದ್ದು, ದೋಷ ಆದದ್ದು ಎಲ್ಲವನ್ನೂ ಒಂದು ಸೆಷನ್‌ನಡಿ ಪೋಣಿಸಿ ತೋರಿಸುತ್ತವೆ. ಅಲ್ಲಿನ ಅಪಾಯ ಬಿಲ್‌ನದು: ಸಿಂಕ್‌ನ ಲೂಪ್‌ನಲ್ಲಿ ಒಂದು ದೋಷ ಸಿಕ್ಕಿಕೊಂಡರೆ ತಿಂಗಳ ಮಿತಿ ಒಂದೇ ಬೆಳಿಗ್ಗೆ ಖಾಲಿಯಾಗಬಹುದು. ಒಂದೇ ದೋಷವನ್ನು ಒಂದು ಫೋನಿನಿಂದ ಗಂಟೆಗೆ ಇಷ್ಟೇ ಸಲ ಎಂದು ನಿಮ್ಮ ಕಡೆಯಿಂದಲೇ ಮಿತಿ ಹಾಕಿ. ವೇಗದ ಮಾಹಿತಿಯಲ್ಲಿ ಮಾದರಿಯಷ್ಟೇ, ಅಂದರೆ ಆರಿಸಿದ ಒಂದು ಭಾಗವಷ್ಟೇ ಸಾಕು, ದೋಷಗಳಲ್ಲಿ ಮಾತ್ರ ಮಾದರಿ ಬೇಡ, ನಿಮ್ಮ ಬಳಕೆದಾರರ ಸಂಖ್ಯೆಗೆ ಎಲ್ಲವೂ ಬರಲಿ. ಸೆಂಟ್ರಿಯನ್ನು ಸ್ವಂತ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ದಾರಿಯೂ ಇದೆ. ದತ್ತಾಂಶ ನಿಮ್ಮ ಕೈಯಲ್ಲೇ ಉಳಿಯುತ್ತದೆ ಎಂಬುದು ನಿಜ, ಆದರೆ ಅದನ್ನು ನೋಡಿಕೊಳ್ಳಲು ಒಬ್ಬರ ಸಮಯ ಹೋಗುತ್ತದೆ, ಸಣ್ಣ ಕಚೇರಿಗೆ ಅದು ಹೊರೆ. ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಕ್ರ್ಯಾಶ್‌ಲಿಟಿಕ್ಸ್‌ನಿಂದ ಶುರುಮಾಡಿ, ಮೇಲೆ ಹೇಳಿದ ನಾಲ್ಕೈದು ಅಳತೆಗಳನ್ನು ನಿಮ್ಮ ಸರ್ವರ್‌ಗೇ ಕಳುಹಿಸಿಕೊಂಡು, ಸಾಲದು ಎನಿಸಿದಾಗ ಮುಂದಿನದಕ್ಕೆ ಹೋಗುತ್ತಿದ್ದೆ. ಉಪಕರಣದ ಕರೆಗಳನ್ನು ಆ್ಯಪ್‌ನ ತುಂಬ ಹರಡದೆ ನಿಮ್ಮದೇ ಒಂದು ಕ್ಲಾಸ್‌ನ ಹಿಂದೆ ಇಟ್ಟರೆ ಬದಲಾಯಿಸುವ ದಿನ ಸುಖವಾಗಿರುತ್ತೀರಿ.

ಪರದೆಯನ್ನೇ ಚಿತ್ರೀಕರಿಸುವ ಸೆಷನ್ ರಿಪ್ಲೇಯನ್ನು ಸದ್ಯಕ್ಕೆ ಮುಟ್ಟಬೇಡಿ. 2019ರ ಫೆಬ್ರವರಿಯಲ್ಲಿ, ಕೆಲವು ಹೆಸರಾಂತ ಆ್ಯಪ್‌ಗಳು ಬಳಕೆದಾರರಿಗೆ ತಿಳಿಸದೆ ಪರದೆ ದಾಖಲಿಸುತ್ತಿದ್ದುದು ಬಯಲಾದಾಗ, ಸ್ಪಷ್ಟ ಒಪ್ಪಿಗೆ ಪಡೆಯಿರಿ ಇಲ್ಲವೇ ಆ ಕೋಡ್ ತೆಗೆಯಿರಿ ಎಂದು ಆಪಲ್ ಡೆವಲಪರ್‌ಗಳಿಗೆ ತಾಕೀತು ಮಾಡಿತು. ಈಗಿನ ಉಪಕರಣಗಳಲ್ಲಿ ಪಠ್ಯವನ್ನು ಮರೆಮಾಚುವ ಸೌಲಭ್ಯವಿದೆ. ಆದರೂ ಫ್ಲಟರ್ ಪ್ರತಿ ಅಕ್ಷರವನ್ನೂ ತಾನೇ ಬಿಡಿಸುವುದರಿಂದ ನೀವು ಸ್ವತಃ ಕಟ್ಟಿದ ವಿಜೆಟ್‌ಗಳಲ್ಲಿ ಮರೆಮಾಚುವಿಕೆ ಸರಿಯಾಗಿ ಕೂತಿದೆಯೇ ಎಂದು ಪ್ರತಿ ಬಿಡುಗಡೆಗೂ ಪರೀಕ್ಷಿಸಬೇಕಾಗುತ್ತದೆ. ಬಟವಾಡೆಯ ಮೊತ್ತ ತೋರಿಸುವ ಆ್ಯಪ್‌ಗೆ ಆ ಸಾಹಸ ಬೇಕಿಲ್ಲ.

ನಿಮ್ಮ ಪಾಲುದಾರರ ‘ಎಲ್ಲಿದ್ದಾರೆ’ ಎಂಬ ಬೇಡಿಕೆಗೆ ಹೀಗೆ ಉತ್ತರಿಸಿ. ಸಂಘದ ಕಾರ್ಯದರ್ಶಿ ನಿಮ್ಮ ನೌಕರರಲ್ಲ, ಯಾವ ಸಂಘದ ನಮೂದು ಎಂಬುದು ಲಾಗಿನ್‌ನಿಂದಲೇ ತಿಳಿಯುತ್ತದೆ. ಹಿನ್ನೆಲೆಯಲ್ಲಿ ಸ್ಥಳ ಪತ್ತೆ ಹಚ್ಚಲು ಆಂಡ್ರಾಯ್ಡ್ 10ರಿಂದ ಪ್ರತ್ಯೇಕ ಅನುಮತಿ ಬೇಕು, ಅದಿಲ್ಲದೆ ಆ್ಯಪ್‌ನ ಮುಖ್ಯ ಕೆಲಸವೇ ನಡೆಯುವುದಿಲ್ಲವೆಂದು ಪ್ಲೇ ಸ್ಟೋರ್‌ಗೆ ಮನವರಿಕೆ ಮಾಡಿಕೊಡಬೇಕು. ಹಾಲಿನ ಲೆಕ್ಕಕ್ಕೆ ಅಂತಹ ವಾದ ಹೂಡುವುದು ಸಾಧ್ಯವಿಲ್ಲ. ಅವರಿಗೆ ನಿಜವಾಗಿ ಬೇಕಿರುವುದು ಆ್ಯಪ್ ಬಳಕೆಯಾಗುತ್ತಿದೆಯೇ ಎಂಬ ಭರವಸೆ ಆಗಿದ್ದರೆ, ದಿನಕ್ಕೆ ಎಷ್ಟು ಸಂಘಗಳು ನಮೂದು ಮಾಡಿದವು, ಎಷ್ಟು ಫೋನುಗಳಲ್ಲಿ ಬಟವಾಡೆ ಪರದೆ ತೆರೆಯಿತು ಎಂಬ ಒಟ್ಟು ಅಂಕಿಗಳನ್ನು ವಾರಕ್ಕೊಮ್ಮೆ ಕೊಡಿ. ಯಾರ ಹೆಸರೂ ಅದಕ್ಕೆ ಬೇಕಾಗುವುದಿಲ್ಲ.

ಇನ್ನೊಂದು ವಿಷಯವನ್ನು ಅವರಿಗೆ ಮೊದಲೇ ಹೇಳಿಟ್ಟಿರಿ. ನಿಗಾ ಸೇರಿಸಿದ ಮೊದಲ ವಾರ ದೋಷಗಳ ಸಂಖ್ಯೆ ಸೊನ್ನೆಯಿಂದ ನೂರಾರಕ್ಕೆ ಏರುತ್ತದೆ, ಹೊಸ ಆವೃತ್ತಿ ಕೆಟ್ಟಿದೆ ಎಂದು ಅವರಿಗೆ ತೋರಬಹುದು. ಅವು ಮೊದಲಿಂದಲೂ ಇದ್ದವು, ಕಾಣುತ್ತಿರಲಿಲ್ಲ ಅಷ್ಟೆ. ಹೊಸ ಆವೃತ್ತಿಯನ್ನು ಪ್ಲೇ ಸ್ಟೋರ್‌ನಲ್ಲಿ ಮೊದಲು ಶೇ. 10ರಷ್ಟು ಫೋನುಗಳಿಗೆ ಬಿಟ್ಟು, ಎಷ್ಟು ಸಲ ಆಯಿತು ಎನ್ನುವುದಕ್ಕಿಂತ ಎಷ್ಟು ಫೋನುಗಳಲ್ಲಿ ಆಯಿತು ಎಂಬ ಕ್ರಮದಲ್ಲಿ ಪಟ್ಟಿ ಮಾಡಿಕೊಂಡು ಮೇಲಿನ ಮೂರನ್ನು ಸರಿಪಡಿಸಿ, ಆಮೇಲೆ ಉಳಿದವರಿಗೆ ಬಿಡಿ. ಫ್ಯಾಟ್‌ನ ಪೆಟ್ಟಿಗೆ ಆ ಮೂರರಲ್ಲಿ ಇರುತ್ತದೆ ಎಂದು ನನ್ನ ಎಣಿಕೆ.